ಸೂರ್ಯನ ಶಾಖ ಗಾಳಿಯಲ್ಲಿ ಎಲ್ಲಿ ನಿಲ್ಲುತ್ತದೆ? ಮನೆಯಿಂದಲೇ ವಾಯುಮಂಡಲವನ್ನು ಅಳೆದು ತಿಳಿಯುವ ಕ್ರಮ

ವಾಯುಮಂಡಲದ ಪದರಗಳ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ನೋಡದವರು ಕಡಿಮೆ. ನೆಲಕ್ಕೆ ತಾಗಿದಂತೆ ಪರಿವರ್ತನ ಮಂಡಲ, ಅದರ ಮೇಲೆ ಸಮೋಷ್ಣ ಮಂಡಲ, ಆಮೇಲೆ ಮಧ್ಯಂತರ ಮಂಡಲ, ಉಷ್ಣತಾ ಮಂಡಲ ಮತ್ತು ಬಾಹ್ಯ ಮಂಡಲ ಎಂದು ಬಣ್ಣದ ಪಟ್ಟಿಗಳನ್ನು ಅಲ್ಲಿ ಬರೆದಿರುತ್ತಾರೆ. ಚಿತ್ರದಲ್ಲಿ ತಪ್ಪೇನೂ ಇಲ್ಲ, ಆದರೆ ಗಡಿಗಳು ಆ ಎತ್ತರಗಳಲ್ಲಿಯೇ ಏಕೆ ಬಿದ್ದವು ಎಂಬುದನ್ನು ಅದು ಹೇಳುವುದಿಲ್ಲ. ಸೂರ್ಯನ ಬೆಳಕಿನ ಯಾವ ಭಾಗವನ್ನು ಯಾವ ಎತ್ತರದ ವಸ್ತು ಹೀರಿಕೊಳ್ಳುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ ಪದರಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ನಮ್ಮ ಗಾಳಿಗೆ ಶಾಖ ಕೊಡುವ ಒಲೆಗಳು ಮೂರು. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ನೆಲ ಮತ್ತು ಕಡಲು ಮೊದಲನೆಯದು. ಅತಿನೇರಳೆ ಕಿರಣಗಳನ್ನು ಹೀರುವ ಓಝೋನ್ ಎರಡನೆಯದು. ಅದರ ಬಿಸಿ ಸುಮಾರು 50 ಕಿ.ಮೀ. ಎತ್ತರದಲ್ಲಿ ಅತ್ಯಂತ ಹೆಚ್ಚು. ಕ್ಷ-ಕಿರಣ ಮತ್ತು ಅತಿ ಚಿಕ್ಕ ತರಂಗಾಂತರದ ಅತಿನೇರಳೆ ಕಿರಣಗಳನ್ನು ತಡೆಯುವ, 100 ಕಿ.ಮೀ.ಗಿಂತ ಮೇಲಿನ ವಿರಳ ಅನಿಲ ಮೂರನೆಯದು. ಇವುಗಳ ನಡುವೆ ಇರುವ ಎರಡು ತಣ್ಣನೆಯ ಎಡೆಗಳ ಪೈಕಿ ಒಂದು ನಮ್ಮ ತಲೆಯ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿದೆ, ಇನ್ನೊಂದು ಸುಮಾರು 85 ಕಿ.ಮೀ. ಎತ್ತರದಲ್ಲಿದೆ. ಈ ಲೇಖನದ ಹಂತಗಳನ್ನು ಅನುಸರಿಸಿದರೆ ಮೂರು ಒಲೆಗಳ ಗುರುತನ್ನೂ ಕರ್ನಾಟಕದ ಯಾವ ಊರಿನಿಂದಾದರೂ ನೀವೇ ಕಂಡುಕೊಳ್ಳಬಹುದು.

ಬೇಕಾಗುವ ಸಾಮಾನುಗಳು ಇಷ್ಟು: ಒಂದು ಮೀಟರ್ ಉದ್ದದ ನೇರವಾದ ಕೋಲು, ಅಳತೆ ಪಟ್ಟಿ, ಸಾಧಾರಣ ಥರ್ಮಾಮೀಟರ್, ಮುಟ್ಟದೆ ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಒತ್ತಡಮಾಪಕವಿರುವ ಮೊಬೈಲ್ ಫೋನ್ ಮತ್ತು ಮಧ್ಯಮ ತರಂಗವನ್ನು ಹಿಡಿಯುವ ಟ್ರಾನ್ಸಿಸ್ಟರ್ ರೇಡಿಯೊ. ಎಲ್ಲ ಫೋನುಗಳಲ್ಲಿಯೂ ಒತ್ತಡಮಾಪಕ ಇರುವುದಿಲ್ಲವಾದ್ದರಿಂದ ಸಂವೇದಕಗಳ ಪಟ್ಟಿಯನ್ನು ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಹಂತ 1: ಬರುವ ಶಾಖವನ್ನು ನೆರಳಿನಿಂದ ಅಳೆಯುವುದು

ವಾಯುಮಂಡಲದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಪ್ರತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್ ಶಕ್ತಿ ಬಂದು ಬೀಳುತ್ತದೆ. ಭೂಮಿ ದುಂಡಗಿರುವುದರಿಂದಲೂ ಅರ್ಧ ಭಾಗದಲ್ಲಿ ಯಾವಾಗಲೂ ರಾತ್ರಿ ಇರುವುದರಿಂದಲೂ ಇಡೀ ಭೂಮಿಯ ಸರಾಸರಿ ಇದರ ಕಾಲು ಭಾಗ, ಅಂದರೆ 340 ವ್ಯಾಟ್ ಆಗುತ್ತದೆ. ನಿಮ್ಮ ಊರಿಗೆ ಬರುವ ಪಾಲು ಎಷ್ಟು ಎಂಬುದನ್ನು ನಡುಹಗಲಿನ ನೆರಳು ತಿಳಿಸುತ್ತದೆ.

ಕೋಲನ್ನು ಸಮತಟ್ಟಾದ ತಾರಸಿಯಲ್ಲಿ ನೇರವಾಗಿ ನಿಲ್ಲಿಸಿ, ಮಧ್ಯಾಹ್ನ 12ರಿಂದ 12:40ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತಿಸಿ. ಅತಿ ಗಿಡ್ಡ ನೆರಳೇ ನಿಮ್ಮ ಊರಿನ ನಿಜವಾದ ನಡುಹಗಲು. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುವುದರಿಂದ, 77.6 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಅದು ಸರಾಸರಿ 12:20ರ ಹೊತ್ತಿಗೆ ಬರುತ್ತದೆ; ಫೆಬ್ರುವರಿಯಲ್ಲಿ ಇನ್ನಷ್ಟು ತಡವಾಗುತ್ತದೆ, ನವೆಂಬರಿನಲ್ಲಿ ಬೇಗನೆ ಆಗುತ್ತದೆ.

ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಸುಮಾರು 74 ಸೆಂ.ಮೀ. ಬೀಳುತ್ತದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೆತ್ತಿಗೇ ಬರುವುದರಿಂದ ನೆರಳು ಕೋಲಿನ ಬುಡದಲ್ಲಿ ಮಾಯವಾಗುತ್ತದೆ. ಈ ಎರಡು ದಿನಗಳ ನಡುವೆ ಸೂರ್ಯ ನಮ್ಮ ಉತ್ತರಕ್ಕಿದ್ದು, ಜೂನ್ 21ರಂದು 18 ಸೆಂ.ಮೀ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಲೆಕ್ಕ ಹಾಕಿದರೆ, ಡಿಸೆಂಬರಿನ ನಡುಹಗಲಿನಲ್ಲಿಯೂ ನಮ್ಮ ನೆಲದ ಮೇಲೆ ಬೀಳುವ ಬಿಸಿಲಿನ ಸಾಂದ್ರತೆ ನೆತ್ತಿಯ ಸೂರ್ಯನದಕ್ಕಿಂತ ಶೇ. 20ರಷ್ಟು ಮಾತ್ರ ಕಡಿಮೆ. ಅದೇ ದಿನ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಏರುವುದರಿಂದ, ಅಲ್ಲಿಗೆ ಸಿಗುವುದು ನೆತ್ತಿಯ ಸೂರ್ಯನ ಕಾಲು ಭಾಗದಷ್ಟು. ಉಷ್ಣವಲಯಕ್ಕೆ ವರ್ಷವಿಡೀ ಹೆಚ್ಚು, ಧ್ರುವಗಳತ್ತ ಕಡಿಮೆ ಎಂಬ ಈ ಅಸಮತೆಯೇ ಭೂಮಿಯ ದೊಡ್ಡ ಗಾಳಿಗಳಿಗೆಲ್ಲ ಮೂಲ.

ಹಂತ 2: ನೆಲ ಮೊದಲು, ಗಾಳಿ ಆಮೇಲೆ

ಮೋಡವಿಲ್ಲದ ಒಂದು ದಿನವನ್ನು ಆರಿಸಿಕೊಂಡು, ನೆರಳಿನಲ್ಲಿ ಎದೆಯ ಎತ್ತರಕ್ಕೆ ತೂಗುಹಾಕಿದ ಥರ್ಮಾಮೀಟರನ್ನು ಮತ್ತು ಬಿಸಿಲಿಗೆ ಬಿದ್ದ ಬರಿಯ ಮಣ್ಣಿನ ತಾಪವನ್ನು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಬರೆದುಕೊಳ್ಳಿ. ಮಣ್ಣಿನ ಮೇಲ್ಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಅನುಕೂಲ. ಏಪ್ರಿಲ್ ತಿಂಗಳ ಬಯಲುಸೀಮೆಯಲ್ಲಿ ಮಣ್ಣು 50 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಆಗ ನೆರಳಿನ ಗಾಳಿ 36ರಿಂದ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಮಣ್ಣಿನ ಗರಿಷ್ಠ ತಾಪ ನಡುಹಗಲಿನ ಬಳಿಕ ಬೇಗನೆ ಬರುತ್ತದೆ, ಗಾಳಿಯ ಗರಿಷ್ಠ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯ ನಡುವೆ ಬರುತ್ತದೆ. ಗಾಳಿಯನ್ನು ಮುಖ್ಯವಾಗಿ ಬಿಸಿಲೇ ನೇರವಾಗಿ ಕಾಯಿಸುತ್ತಿದ್ದರೆ ಈ ತಡಕ್ಕೆ ಕಾರಣವಿರುತ್ತಿರಲಿಲ್ಲ. ಜಗತ್ತಿನ ಸರಾಸರಿ ಲೆಕ್ಕವೂ ಇದನ್ನೇ ಹೇಳುತ್ತದೆ. ಬರುವ 340 ವ್ಯಾಟ್‌ನಲ್ಲಿ ಸುಮಾರು 100 ವ್ಯಾಟ್ ಮೋಡ, ಮಂಜು, ಮರಳುಗಳಿಂದ ಪ್ರತಿಫಲಿಸಿ ಹಿಂದಿರುಗುತ್ತದೆ, ಸುಮಾರು 80 ವ್ಯಾಟ್‌ಅನ್ನು ಗಾಳಿ ಹೀರಿಕೊಳ್ಳುತ್ತದೆ, ಉಳಿದ 160 ವ್ಯಾಟ್ ನೆಲಕ್ಕೂ ಕಡಲಿಗೂ ಸೇರುತ್ತದೆ. ಕಾದ ನೆಲವೇ ಗಾಳಿಗೆ ಶಾಖವನ್ನು ಹಂಚುತ್ತದೆ. ಪರಿವರ್ತನ ಮಂಡಲದಲ್ಲಿ ಮೇಲಕ್ಕೆ ಹೋದಷ್ಟೂ ಚಳಿ ಹೆಚ್ಚುವುದಕ್ಕೆ, ಸೂರ್ಯನಿಗೆ ಹತ್ತಿರವಾದರೂ ಬೆಟ್ಟದ ತುದಿ ತಂಪಾಗಿರುವುದಕ್ಕೆ ಇದೇ ಕಾರಣ.

ಹಂತ 3: ಆಕಾಶದ ತಾಪವನ್ನು ಓದುವುದು

ಇನ್‌ಫ್ರಾರೆಡ್ ಥರ್ಮಾಮೀಟರನ್ನು ರಾತ್ರಿ ನೆತ್ತಿಯ ಕಡೆಗೆ ಹಿಡಿಯಿರಿ. ಹಣೆಯ ಜ್ವರ ನೋಡುವ ಉಪಕರಣ ಇದಕ್ಕೆ ಆಗುವುದಿಲ್ಲ; ಮೈಯ ತಾಪದ ಆಸುಪಾಸಿನ ಅಂಕಿಗಳನ್ನಷ್ಟೇ ಅದು ತೋರಿಸುತ್ತದೆ. ಯಂತ್ರಗಳ ದುರಸ್ತಿಗೆ ಬಳಸುವ, ಸೊನ್ನೆಗಿಂತ ಕೆಳಗೂ ಓದುವ ಬಗೆಯದು ಬೇಕು. ಹಗಲಿನಲ್ಲಿ ಪ್ರಯೋಗಿಸಿದರೆ ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ.

ಜನವರಿಯ ಒಣ, ನಿರಭ್ರ ರಾತ್ರಿಯಲ್ಲಿ ಅಂಕಿ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಜುಲೈನಲ್ಲಿ ತಗ್ಗಿನ ಮೋಡ ಕವಿದಿರುವಾಗ ಅದೇ ಉಪಕರಣ ಸೊನ್ನೆಗಿಂತ ಸಾಕಷ್ಟು ಮೇಲಿನ, ಮೋಡದ ತಳದ ತಾಪಕ್ಕೆ ಹತ್ತಿರವಾದ ಅಂಕಿಯನ್ನು ತೋರಿಸುತ್ತದೆ. ನೆಲದ ಕಡೆಗೆ ಆಕಾಶವೇ ಶಾಖವನ್ನು ಸೂಸುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಮನೆಯಲ್ಲಿ ಸಿಗದು. ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೋಡಗಳಿಂದ ನೆಲಕ್ಕೆ ಹೀಗೆ ಮರಳುವ ಶಾಖ ಜಗತ್ತಿನ ಸರಾಸರಿಯಲ್ಲಿ ಚದರ ಮೀಟರಿಗೆ ಸುಮಾರು 340 ವ್ಯಾಟ್. ಅಂದರೆ ನೆಲ ಸೂರ್ಯನಿಂದ ನೇರವಾಗಿ ಪಡೆಯುವುದರ ಎರಡು ಪಟ್ಟಿಗೂ ಹೆಚ್ಚು.

ಹಂತ 4: ಘಟ್ಟ ಹತ್ತುವಾಗ ಮಾಡಬೇಕಾದ ಅಳತೆ

ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆ ಘಾಟಿಯ ಮಾರ್ಗವಾಗಿ ಮಡಿಕೇರಿಗೆ ಹೋಗುವ ದಾರಿ ಈ ಕೆಲಸಕ್ಕೆ ಬಹಳ ಒಳ್ಳೆಯದು, ಏಕೆಂದರೆ ಕಡಲ ಮಟ್ಟದಿಂದ ಸುಮಾರು 1150 ಮೀಟರ್ ಎತ್ತರಕ್ಕೆ ಕೆಲವೇ ಗಂಟೆಗಳಲ್ಲಿ ಏರುತ್ತೀರಿ. ನಾಲ್ಕೈದು ಕಡೆ ವಾಹನ ನಿಲ್ಲಿಸಿ, ಇಳಿದು, ಮರದ ನೆರಳಿನಲ್ಲಿ ಥರ್ಮಾಮೀಟರ್ ನಿಲ್ಲುವವರೆಗೆ ಕಾಯಿರಿ. ವಾಹನದೊಳಗಿನ ತಾಪದಿಂದ ಉಪಯೋಗವಿಲ್ಲ. ಜೊತೆಗೆ ಫೋನಿನ ಒತ್ತಡವನ್ನೂ ಬರೆದುಕೊಳ್ಳಿ.

ಮಂಗಳೂರಿನಲ್ಲಿ 1010 ಹೆಕ್ಟೊಪಾಸ್ಕಲ್‌ನ ಆಸುಪಾಸಿನಲ್ಲಿರುವ ಒತ್ತಡ ಮಡಿಕೇರಿಯಲ್ಲಿ 885ರ ಸುಮಾರಿಗೆ ಇಳಿಯುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 910ರ ಹತ್ತಿರ, ಮುಳ್ಳಯ್ಯನಗಿರಿಯ ತುದಿಯಲ್ಲಿ 810ರ ಹತ್ತಿರ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ಮೇಲೆ ನಿಂತವರು ಇಡೀ ವಾಯುಮಂಡಲದ ಐದನೆಯ ಒಂದು ಭಾಗವನ್ನು ಕಾಲ ಕೆಳಗೆ ಬಿಟ್ಟು ಬಂದಿರುತ್ತಾರೆ. ತಾಪ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿಯಂತೆ ಇಳಿಯುತ್ತದೆ ಎಂಬ ಪಾಠದ ಅಂಕಿಯಂತೆ ಮಡಿಕೇರಿ ಮಂಗಳೂರಿಗಿಂತ ಸುಮಾರು 7.5 ಡಿಗ್ರಿ ತಂಪಾಗಿರಬೇಕು. ನಿಮ್ಮ ಅಳತೆ ಹೀಗೆಯೇ ಬರಲಿಕ್ಕಿಲ್ಲ. ಒಣ ಗಾಳಿ ಮೇಲೇರಿದರೆ ಹಿಗ್ಗುತ್ತಾ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ನೀರಾವಿ ಮೋಡವಾಗತೊಡಗಿದ ಗಾಳಿ ಬಿಡುಗಡೆಯಾದ ಗುಪ್ತೋಷ್ಣದಿಂದಾಗಿ (ಆವಿ ನೀರಾಗುವಾಗ ಹೊರಬರುವ ಶಾಖದಿಂದಾಗಿ) 4ರಿಂದ 5 ಡಿಗ್ರಿ ಮಾತ್ರ ತಣಿಯುತ್ತದೆ. ಆದ್ದರಿಂದ ಮಾರ್ಚಿನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಅದೇ ದಾರಿಯಲ್ಲಿ ಅಳೆದವರಿಗೆ ಎರಡು ಬೇರೆ ಇಳಿಜಾರುಗಳು ಸಿಗುವುದು ಸಹಜ, ಮತ್ತು ಆ ವ್ಯತ್ಯಾಸವೇ ಸರಾಸರಿಗಿಂತ ಹೆಚ್ಚು ಕಲಿಸುತ್ತದೆ.

ಹಂತ 5: ಬಲೂನಿನ ಅಂಕಿಗಳನ್ನು ಓದುವುದು

ಬೆಟ್ಟಕ್ಕಿಂತ ಮೇಲಕ್ಕೆ ಹೋಗಲು ಬಲೂನೇ ಬೇಕು. ಫ್ರಾನ್ಸಿನ ಲಿಯಾನ್ ತೆಸರಾಂಕ್ ದ ಬೋರ್ ಪ್ಯಾರಿಸ್ ಸಮೀಪದ ತ್ರಾಪ್‌ನಿಂದ ನೂರಾರು ಬಲೂನುಗಳನ್ನು ಹಾರಿಸಿ, ಸುಮಾರು 11 ಕಿ.ಮೀ.ಗಿಂತ ಮೇಲೆ ತಾಪ ಇಳಿಯುವುದೇ ನಿಂತುಹೋಗುತ್ತದೆ ಎಂದು 1902ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, ತಾಪ ಹಾಗೆಯೇ ಇಳಿಯುತ್ತಾ ಬಾಹ್ಯಾಕಾಶದ ಶೀತವನ್ನು ಸೇರುತ್ತದೆ ಎಂದೇ ನಂಬಿಕೆಯಿತ್ತು. ತಮ್ಮ ಉಪಕರಣವೇ ಬಿಸಿಲಿಗೆ ಕಾದು ತಪ್ಪು ತೋರಿಸುತ್ತಿರಬಹುದೆಂಬ ಅನುಮಾನದಿಂದ ಅವರು ರಾತ್ರಿಯಲ್ಲಿಯೂ ಬಲೂನು ಹಾರಿಸಿ ನೋಡಿದ್ದರು.

ಇಂದು ಭಾರತ ಹವಾಮಾನ ಇಲಾಖೆಯ ಕೇಂದ್ರಗಳಿಂದ ರೇಡಿಯೊಸಾಂಡ್ ಎಂಬ ಪುಟ್ಟ ಉಪಕರಣವನ್ನು ಹೊತ್ತ ಬಲೂನುಗಳು ಮೇಲೇರುತ್ತವೆ. ಅಂತರರಾಷ್ಟ್ರೀಯ ಸಮಯದ 00 ಮತ್ತು 12 ಗಂಟೆ, ಅಂದರೆ ನಮ್ಮ ಬೆಳಗಿನ ಮತ್ತು ಸಂಜೆಯ 5:30, ಇದಕ್ಕೆ ನಿಗದಿಯಾದ ಹೊತ್ತುಗಳು. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಈ ಅಂಕಿಗಳು ಉಚಿತವಾಗಿ ಸಿಗುತ್ತವೆ. ಬೆಂಗಳೂರಿನ ಕೇಂದ್ರದ ಸಂಖ್ಯೆ 43295, ಮಂಗಳೂರು ಪಣಂಬೂರಿನದು 43285. ಪಟ್ಟಿಯ ಮೊದಲ ಅಂಕಣ ಒತ್ತಡ, ಎರಡನೆಯದು ಮೀಟರಿನಲ್ಲಿ ಎತ್ತರ, ಮೂರನೆಯದು ತಾಪ, ನಾಲ್ಕನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯ ನೀರಾವಿ ಹನಿಯಾಗತೊಡಗುವ ತಾಪ. ಗಾಳಿಯ ದಿಕ್ಕು ಮತ್ತು ವೇಗ ಮುಂದಿನ ಅಂಕಣಗಳಲ್ಲಿವೆ. ಎಲ್ಲ ದಿನಗಳ ಬಲೂನೂ ಮೇಲಿನವರೆಗೆ ತಲುಪಿರುವುದಿಲ್ಲವಾದ್ದರಿಂದ ಅಂಕಿ ಪೂರ್ತಿಯಿರುವ ದಿನ ಸಿಗುವವರೆಗೆ ಹುಡುಕಿ. ತಾಪವನ್ನು ಅಡ್ಡಕ್ಕೆ, ಎತ್ತರವನ್ನು ಉದ್ದಕ್ಕೆ ಇಟ್ಟು ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ಬಿಡಿಸಿ. ಸಿದ್ಧ ರೇಖಾಚಿತ್ರವನ್ನು ನೋಡುವುದಕ್ಕಿಂತ ಇದು ಹೆಚ್ಚು ಮನಸ್ಸಿಗೆ ಹತ್ತುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಜನವರಿಯ ಬೆಳಗಿನ ಬೆಂಗಳೂರನ್ನು ತೆಗೆದುಕೊಳ್ಳಿ. ನಿರಭ್ರ ರಾತ್ರಿಯ ಬಳಿಕ, ನೆಲದಿಂದ ಮೇಲಿನ ಒಂದೆರಡು ನೂರು ಮೀಟರಿನಲ್ಲಿ ತಾಪ ಇಳಿಯುವ ಬದಲು ಏರುವುದನ್ನು ಹಲವು ದಿನ ಕಾಣುವಿರಿ. ಒಲೆ ಆರಿದ ರಾತ್ರಿಯಲ್ಲಿ ನೆಲ ಶಾಖವನ್ನು ಆಕಾಶಕ್ಕೆ ಸೂಸಿ ತಣಿದು, ತನಗೆ ತಾಗಿದ ಗಾಳಿಯನ್ನೂ ತಣಿಸಿರುತ್ತದೆ. ತಣ್ಣನೆಯ ಭಾರದ ಗಾಳಿ ಮೇಲೇಳಲಾರದೆ ಕುಳಿತುಬಿಡುವುದರಿಂದಲೇ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಚಳಿಗಾಲದ ಬೆಳಗಿನ ಮಂಜು ತೊಂದರೆ ಕೊಡುತ್ತದೆ.

ಏಪ್ರಿಲಿನ ಸಂಜೆಯ ಅಂಕಿಗಳು ಇದಕ್ಕೆ ವಿರುದ್ಧ. ನೆಲದಿಂದ ಎರಡು ಮೂರು ಕಿಲೋಮೀಟರ್‌ವರೆಗೆ ತಾಪ ಒಣ ಗಾಳಿಯ 9.8 ಡಿಗ್ರಿಗೆ ಸಮೀಪವಾಗಿ ಕಡಿದಾಗಿ ಇಳಿಯುತ್ತದೆ, ಏಕೆಂದರೆ ದಿನವಿಡೀ ಕಾದ ಗಾಳಿ ಮೇಲೆ ಕೆಳಗೆ ಕಲಕಿಹೋಗಿದೆ. ಕಡಲಿನಿಂದ ತೇವ ಬಂದು ಸೇರಿದ ದಿನ ಗುಡುಗು ಮಳೆ. ಸುಮಾರು 5 ಕಿ.ಮೀ. ಎತ್ತರದಲ್ಲಿ ತಾಪ ಸೊನ್ನೆ ಡಿಗ್ರಿಯನ್ನು ದಾಟುವುದನ್ನೂ ಗುರುತಿಸಿಕೊಳ್ಳಿ. ಬೇಸಿಗೆಯ ಆಲಿಕಲ್ಲು ಹುಟ್ಟುವುದು ಅದಕ್ಕಿಂತ ಮೇಲೆ.

ಜುಲೈ ತಿಂಗಳ ಪಣಂಬೂರಿನಲ್ಲಿ ನೋಡಬೇಕಾದದ್ದು ಗಾಳಿಯ ದಿಕ್ಕು. ಸುಮಾರು 850 ಹೆಕ್ಟೊಪಾಸ್ಕಲ್, ಅಂದರೆ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಸೊಮಾಲಿಯಾ ಕರಾವಳಿಯನ್ನು ಸವರಿ ಅರಬ್ಬಿ ಸಮುದ್ರವನ್ನು ದಾಟಿ ಬರುವ ಬಲವಾದ ಪಶ್ಚಿಮ ಮಾರುತವಿದೆ. ಮೇಲೇರುತ್ತಾ ಅದು ಸಡಿಲಗೊಂಡು, ನಡುವೆ ಎಲ್ಲೋ ದಿಕ್ಕು ತಿರುಗಿ, 150ರಿಂದ 100 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ ಪೂರ್ವದಿಂದ ಬೀಸುವ ಜೋರಾದ ಹರಿವಾಗುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ವಿವರಿಸಿದ ಉಷ್ಣವಲಯದ ಪೂರ್ವ ಜೆಟ್ ಇದೇ. ಬೇಸಿಗೆಯ ಸೂರ್ಯ ಏಷ್ಯಾದ ನೆಲವನ್ನು, ಟಿಬೆಟ್ ಪ್ರಸ್ಥಭೂಮಿಯನ್ನು ಕಾಯಿಸಿ, ಉತ್ತರದಲ್ಲಿ ಬಿಸಿ ಗಾಳಿಯನ್ನೂ ದಕ್ಷಿಣದ ಕಡಲ ಮೇಲೆ ಅದಕ್ಕಿಂತ ತಣ್ಣನೆಯ ಗಾಳಿಯನ್ನೂ ಇಟ್ಟಿರುವುದರಿಂದ ಈ ತಿರುವು ಉಂಟಾಗುತ್ತದೆ. ಮುಂಗಾರಿನ ಕೆಳಗಿನ ಮತ್ತು ಮೇಲಿನ ಎರಡೂ ಹರಿವುಗಳು ಒಂದೇ ಹಾಳೆಯಲ್ಲಿ ಸಿಗುವ ಅನುಕೂಲ ಜಗತ್ತಿನ ಹೆಚ್ಚಿನ ಊರುಗಳವರಿಗೆ ಇಲ್ಲ.

ಯಾವ ತಿಂಗಳಾದರೂ ಸುಮಾರು 16.5ರಿಂದ 17 ಕಿ.ಮೀ. ಎತ್ತರದಲ್ಲಿ, 100 ಹೆಕ್ಟೊಪಾಸ್ಕಲ್ ಮಟ್ಟದ ಹತ್ತಿರ, ತಾಪ ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗೆ ಮುಟ್ಟಿ ಅಲ್ಲಿಂದ ಮೇಲಕ್ಕೆ ತಿರುಗುತ್ತದೆ. ಪರಿವರ್ತನ ಮಂಡಲದ ಮೇಲಿನ ಗಡಿ ಅದು, ಮತ್ತು ವಾಯುಮಂಡಲದ ತೂಕದ ಹತ್ತರಲ್ಲಿ ಒಂಬತ್ತು ಪಾಲು ಅದರ ಕೆಳಗೇ ಇದೆ. ನೆಲ ಹೆಚ್ಚು ಕಾಯುವ ಉಷ್ಣವಲಯದಲ್ಲಿ ಗಾಳಿಯ ಕಲಕಾಟ ಹೆಚ್ಚು ಎತ್ತರಕ್ಕೆ ತಲುಪುವುದರಿಂದ, ಈ ಗಡಿ ಧ್ರುವಗಳ ಮೇಲಿನದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿದೆ, ಅದಕ್ಕೆ ತಕ್ಕಂತೆ ಅಲ್ಲಿಗಿಂತ ತಣ್ಣಗೂ ಇದೆ. ಬಲೂನು ಒಡೆಯುವ ಸುಮಾರು 30 ಕಿ.ಮೀ.ವರೆಗೆ ತಾಪ ಏರುತ್ತಲೇ ಹೋಗುವುದನ್ನು ನೋಡಿದರೆ, ಎರಡನೆಯ ಒಲೆಯ ಕಾವು ಹತ್ತಿರವಾಗುತ್ತಿರುವುದು ಕಾಗದದ ಮೇಲೆಯೇ ಕಾಣುತ್ತದೆ. ಓಝೋನ್ ದಟ್ಟವಾಗಿರುವುದು 20ರಿಂದ 25 ಕಿ.ಮೀ. ಎತ್ತರದಲ್ಲಿ. ಆದರೂ ಬಿಸಿ ಗರಿಷ್ಠವಾಗುವುದು 50 ಕಿ.ಮೀ.ನಲ್ಲಿ, ಏಕೆಂದರೆ ಅತಿನೇರಳೆ ಕಿರಣಗಳು ಮೊದಲು ಸಿಕ್ಕಿದ ಓಝೋನಿನಲ್ಲಿಯೇ ಬಹುಪಾಲು ಖರ್ಚಾಗುತ್ತವೆ, ಮತ್ತು ಅಲ್ಲಿನ ತೆಳು ಗಾಳಿ ಅಲ್ಪ ಶಾಖಕ್ಕೇ ಬಹಳ ಕಾಯುತ್ತದೆ.

ಹಂತ 6: ಒಂದು ದಿನದ ಮಳೆಯ ಶಾಖವನ್ನು ಲೆಕ್ಕ ಹಾಕುವುದು

ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಅಷ್ಟು ನೀರಾವಿ ಮೋಡವಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಗಾಳಿಗೆ ಸೇರುತ್ತದೆ. ಆಗುಂಬೆಯಲ್ಲಿ ಮುಂಗಾರಿನ ನಡುವೆ ಸಾಮಾನ್ಯವಾಗಿ ಬೀಳುವಂಥ 100 ಮಿ.ಮೀ. ಮಳೆಯ ಒಂದು ದಿನವನ್ನು ತೆಗೆದುಕೊಂಡು 25 ಕೋಟಿ ಜೂಲನ್ನು ದಿನದ 86,400 ಸೆಕೆಂಡುಗಳಿಗೆ ಭಾಗಿಸಿದರೆ, ಚದರ ಮೀಟರಿಗೆ ಸುಮಾರು 2,900 ವ್ಯಾಟ್ ಬರುತ್ತದೆ. ಆ ದಿನ ಆಗುಂಬೆಯ ಮೇಲೆ ವಾಯುಮಂಡಲದ ಹೊರಗೆ ಬಿದ್ದ ಸೌರಶಕ್ತಿಯ ದಿನದ ಸರಾಸರಿ ಇದರ ಆರನೆಯ ಒಂದು ಭಾಗಕ್ಕಿಂತ ಹೆಚ್ಚಿರಲಾರದು, ಮೋಡದ ಕೆಳಗೆ ನೆಲ ಮುಟ್ಟಿದ್ದಂತೂ ಇನ್ನೂ ಕಡಿಮೆ. ಉಳಿದ ಶಾಖ ದಕ್ಷಿಣ ಹಿಂದೂ ಮಹಾಸಾಗರ ಮತ್ತು ಅರಬ್ಬಿ ಸಮುದ್ರದ ಮೇಲೆ ಹಿಂದಿನ ದಿನಗಳಲ್ಲಿ ಬಿದ್ದ ಬಿಸಿಲು. ನೀರಾವಿಯ ರೂಪದಲ್ಲಿ ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ, ಘಟ್ಟ ಹತ್ತಿದಾಗ ಬಿಡುಗಡೆಯಾದದ್ದು. ನಿಮ್ಮ ಊರಿನ ಮಳೆಮಾಪಕದ ಅಂಕಿಯನ್ನು 29ರಿಂದ ಗುಣಿಸಿದರೆ ಆ ದಿನದ ವ್ಯಾಟ್‌ಗಳು ಸಿಗುತ್ತವೆ.

ಹಂತ 7: ಒತ್ತಡದ ದಿನಚರಿಯಲ್ಲಿ ಓಝೋನನ್ನು ಹುಡುಕುವುದು

ಈ ಹಂತಕ್ಕೆ ಖರ್ಚಿಲ್ಲ, ತಾಳ್ಮೆ ಮಾತ್ರ ಬೇಕು. ಫೋನನ್ನು ಮನೆಯಲ್ಲಿ ಒಂದೇ ಜಾಗದಲ್ಲಿ ಇಟ್ಟು, ಜನವರಿ ಅಥವಾ ಫೆಬ್ರುವರಿಯ ಶಾಂತ ಹವೆಯ ಮೂರು ನಾಲ್ಕು ದಿನ, ಗಂಟೆಗೊಮ್ಮೆ ಒತ್ತಡವನ್ನು ದಾಖಲಿಸಿ. ಅಳತೆಯನ್ನು ತಾನಾಗಿಯೇ ಉಳಿಸಿಕೊಳ್ಳುವ ಆ್ಯಪ್ ಇದ್ದರೆ ನಿದ್ದೆಗೆಡಬೇಕಾಗಿಲ್ಲ. ಜಾಗ ಬದಲಿಸಬೇಡಿ: ಬೆಂಗಳೂರಿನ ಎತ್ತರದಲ್ಲಿ ಸುಮಾರು 9.6 ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿಯುವುದರಿಂದ, ಒಂದು ಮಹಡಿ ಹತ್ತಿದರೂ ಅಂಕಿ 0.3ರಷ್ಟು ಬದಲಾಗುತ್ತದೆ. ಫೋನ್ ತೋರಿಸುವ ಒಟ್ಟು ಒತ್ತಡ ಸ್ವಲ್ಪ ತಪ್ಪಿದ್ದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಏರಿಳಿತ.

ಗ್ರಾಫ್ ಬಿಡಿಸಿದಾಗ ಒತ್ತಡ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವುದು ಕಾಣುತ್ತದೆ. ಬೆಳಿಗ್ಗೆ 10ರ ಸುಮಾರಿಗೆ ಮತ್ತು ರಾತ್ರಿ 10ರ ಸುಮಾರಿಗೆ ಶಿಖರಗಳು, ಸಂಜೆ 4ರ ಸುಮಾರಿಗೆ ಮತ್ತು ನಸುಕಿನ 4ರ ಸುಮಾರಿಗೆ ಕಣಿವೆಗಳು. ಹಗಲಿನ ಶಿಖರಕ್ಕೂ ಸಂಜೆಯ ಕಣಿವೆಗೂ ಸುಮಾರು 3ರಿಂದ 4 ಹೆಕ್ಟೊಪಾಸ್ಕಲ್ ಅಂತರವಿರುತ್ತದೆ. ಚಂದ್ರನಿಂದ ಆಗುವ ಕಡಲ ಉಬ್ಬರದಂತೆ ಇದು ದಿನದಿನಕ್ಕೆ ತಡವಾಗುತ್ತಾ ಹೋಗುವುದಿಲ್ಲ. ಸೂರ್ಯನ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಸೂರ್ಯ ದಿನಕ್ಕೆ ಒಮ್ಮೆ ಮಾತ್ರ ಕಾಯಿಸುವಾಗ ಏರಿಳಿತ ಎರಡು ಬಾರಿ ಏಕೆ ಎಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. 1882ರಲ್ಲಿ ಲಾರ್ಡ್ ಕೆಲ್ವಿನ್, ವಾಯುಮಂಡಲ ಹನ್ನೆರಡು ಗಂಟೆಯ ಲಯಕ್ಕೆ ಅನುರಣಿಸುತ್ತಿರಬಹುದು, ಅಂದರೆ ತನ್ನ ಸಹಜ ಲಯವೂ ಅದೇ ಆಗಿರುವುದರಿಂದ ಜೋರಾಗಿ ತೂಗುತ್ತಿರಬಹುದು ಎಂದು ಊಹಿಸಿದರು, ಊಹೆ ನಿಲ್ಲಲಿಲ್ಲ. 1960ರ ದಶಕದಲ್ಲಿ ಸಿಕ್ಕ ಉತ್ತರದಲ್ಲಿ ಮುಖ್ಯ ಪಾತ್ರ ಓಝೋನಿನದು, ಜೊತೆಗೆ ನೀರಾವಿಯದು. ಸೂರ್ಯ ಓಝೋನ್ ಪದರವನ್ನು ಹಗಲಿನಲ್ಲಿ ಕಾಯಿಸಿ ರಾತ್ರಿ ಬಿಡುವಾಗ ಹಲವು ಲಯಗಳ ಅಲೆಗಳು ಹುಟ್ಟುತ್ತವೆ. ಇಪ್ಪತ್ತನಾಲ್ಕು ಗಂಟೆಯ ಅಲೆ ನೆಲದವರೆಗೆ ಚೆನ್ನಾಗಿ ಇಳಿದು ಬರಲಾರದು. ಹನ್ನೆರಡು ಗಂಟೆಯ ಅಲೆ ಲಂಬವಾಗಿ ಬಹಳ ಉದ್ದವಾದದ್ದು. ದಪ್ಪನೆಯ ಓಝೋನ್ ಪದರದ ಮೇಲು ಕೆಳಗಿನ ಭಾಗಗಳ ಕಾವೆಲ್ಲ ಅದಕ್ಕೆ ಒಟ್ಟಾಗಿ ಬಲ ಕೊಡುವುದರಿಂದ ಅದು ನೆಲವನ್ನು ಮುಟ್ಟುತ್ತದೆ. ಅಂದರೆ ಹತ್ತಾರು ಕಿಲೋಮೀಟರ್ ಮೇಲಿನ ಎರಡನೆಯ ಒಲೆಯ ಮಿಡಿತವನ್ನು ನಿಮ್ಮ ಫೋನ್ ಅಡುಗೆಮನೆಯ ಕಪಾಟಿನಲ್ಲಿದ್ದುಕೊಂಡೇ ಗ್ರಹಿಸಿರುತ್ತದೆ.

ಯುರೋಪಿನಲ್ಲಿ ಈ ಏರಿಳಿತ ಸಣ್ಣದು. ಬಂದುಹೋಗುವ ವಾಯುಭಾರ ಕುಸಿತಗಳ ನಡುವೆ ಹೂತುಹೋಗುತ್ತದೆ. ನಮ್ಮಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತ ಹತ್ತಿರವಿರುವ ದಿನಗಳನ್ನು ಬಿಟ್ಟರೆ ಅದು ಕೈತಪ್ಪುವುದಿಲ್ಲ.

ಹಂತ 8: ರಾತ್ರಿಯ ರೇಡಿಯೊದಲ್ಲಿ ಮೇಲಿನ ಪದರಗಳು

ಮಧ್ಯಂತರ ಮಂಡಲಕ್ಕೆ ತನ್ನದೇ ಆದ ಒಲೆಯಿಲ್ಲ. ಓಝೋನ್ ವಿರಳವಾಗುತ್ತಾ ಹೋಗುವುದರಿಂದಲೂ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೊರಗೆ ಸೂಸುವುದರಿಂದಲೂ ತಾಪ ಮತ್ತೆ ಇಳಿದು, ಸುಮಾರು 85 ಕಿ.ಮೀ.ನಲ್ಲಿ ಸೊನ್ನೆಗಿಂತ 90 ಡಿಗ್ರಿಯಷ್ಟು ಕೆಳಗಾಗುತ್ತದೆ. ಅದರ ಮೇಲೆ ಮೂರನೆಯ ಒಲೆ. ಉಷ್ಣತಾ ಮಂಡಲದ ಅನಿಲ ಸೂರ್ಯನ ಚಟುವಟಿಕೆಗೆ ತಕ್ಕಂತೆ ಸುಮಾರು 500ರಿಂದ 2000 ಡಿಗ್ರಿವರೆಗೆ ಕಾಯುತ್ತದೆ, ಆದರೆ ಅಣುಗಳು ಅಷ್ಟು ವಿರಳವಾದ್ದರಿಂದ ಅಲ್ಲಿ ಕೈಯಿಟ್ಟರೆ ಸುಡುವಷ್ಟು ಶಾಖವಿಲ್ಲ. 2022ರ ಫೆಬ್ರುವರಿಯಲ್ಲಿ ಸೌರ ಸ್ಫೋಟದ ಬೆನ್ನಿಗೆ ಎದ್ದ ಭೂಕಾಂತ ಬಿರುಗಾಳಿಯಿಂದ (ಭೂಮಿಯ ಕಾಂತಕ್ಷೇತ್ರದ ಕ್ಷೋಭೆಯಿಂದ) ಈ ಪದರ ಕಾದು ಹಿಗ್ಗಿದಾಗ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳ ಪೈಕಿ ಮುಕ್ಕಾಲು ಪಾಲು ಗಾಳಿಯ ತಡೆಗೆ ಸಿಕ್ಕಿ ಕೆಳಗಿಳಿದು ಉರಿದುಹೋದವು. 2024ರ ಮೇ 10-11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಕಡೆ, ಕೆಂಪು ಧ್ರುವಪ್ರಭೆ ಕಂಡದ್ದೂ ಇದೇ ಪದರದ ಆಮ್ಲಜನಕದಿಂದ.

ನಮ್ಮ ಊರಿನಿಂದ ಈ ಪದರವನ್ನು ಗುರುತಿಸಲು ರೇಡಿಯೊ ಸಾಕು. ಹಗಲಿನಲ್ಲಿ ಸೂರ್ಯನ ಕಿರಣಗಳು 60ರಿಂದ 90 ಕಿ.ಮೀ. ನಡುವಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ; ಅಲ್ಲಿ ಗಾಳಿ ಇನ್ನೂ ಸಾಕಷ್ಟು ದಟ್ಟವಾಗಿರುವುದರಿಂದ ಆ ಎಲೆಕ್ಟ್ರಾನುಗಳು ಮಧ್ಯಮ ತರಂಗಗಳನ್ನು ನುಂಗಿಬಿಡುತ್ತವೆ. ಸೂರ್ಯ ಮುಳುಗಿದ ಮೇಲೆ ಅವು ಬೇಗನೆ ಮತ್ತೆ ಅಣುಗಳಿಗೆ ಸೇರಿ, ನುಂಗುವ ಪದರ ಮರೆಯಾಗುತ್ತದೆ. ಇನ್ನೂ ಮೇಲೆ, ವಿರಳ ಅನಿಲದಲ್ಲಿರುವ ಎಲೆಕ್ಟ್ರಾನುಗಳು ರಾತ್ರಿಯಿಡೀ ಉಳಿದು ತರಂಗಗಳನ್ನು ನೆಲಕ್ಕೆ ಮರಳಿಸುತ್ತವೆ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ಮಧ್ಯಮ ತರಂಗದ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ, ಕೇಳಿಸಿದ ಕೇಂದ್ರಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಅದನ್ನೇ ಮಾಡಿ, ಹೊಸದಾಗಿ ಸೇರಿದ ದೂರದ ಕೇಂದ್ರಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಟ್ರಾನ್ಸಿಸ್ಟರಿನೊಳಗಿನ ಆಂಟೆನಾ ಒಂದು ದಿಕ್ಕಿನಿಂದ ಹೆಚ್ಚು ಹಿಡಿಯುವುದರಿಂದ, ದುರ್ಬಲವಾದ ಕೇಂದ್ರ ಸಿಕ್ಕಾಗ ಪೆಟ್ಟಿಗೆಯನ್ನೇ ಕಾಲು ಸುತ್ತು ತಿರುಗಿಸಿ ನೋಡಬೇಕು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಮತ್ತು ಇನ್ವರ್ಟರುಗಳ ಗದ್ದಲ ಮಧ್ಯಮ ತರಂಗವನ್ನು ಮುಚ್ಚಿಹಾಕುತ್ತದೆಯಾದ್ದರಿಂದ ಎರಡೂ ಸಲ ತಾರಸಿಯ ಮೇಲೆ, ಬ್ಯಾಟರಿಯಲ್ಲಿಯೇ ರೇಡಿಯೊವನ್ನು ನಡೆಸಿ.